ಲ್ಯಾಪ್‌ಟಾಪ್ ಆನ್ ಆದರೂ ವಿಂಡೋಸ್ ಬರುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ ಇಷ್ಟು ತಿಳಿದಿರಲಿ

ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಕಂಪನಿಯ ಲೋಗೋ ಕೂಡ ಬರುತ್ತದೆ. ಆಮೇಲೆ ಕಪ್ಪು ಪರದೆ. ಅದರ ಮೇಲೆ 'ನೋ ಬೂಟಬಲ್ ಡಿವೈಸ್' ಅಥವಾ 'ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್' ಎಂಬ ಒಂದೇ ಒಂದು ಸಾಲು. ನಾಳೆ ಕಚೇರಿಗೆ ಕೊಡಬೇಕಾದ ಫೈಲ್, ಮಗುವಿನ ಹುಟ್ಟುಹಬ್ಬದ ಫೋಟೋಗಳು, ನಾಲ್ಕೈದು ವರ್ಷಗಳ ಆದಾಯ ತೆರಿಗೆ ಕಾಗದಪತ್ರ, ಎಲ್ಲವೂ ಆ ಸಾಲಿನ ಹಿಂದೆ ಸಿಕ್ಕಿಬಿದ್ದಿರುತ್ತವೆ.

ಮುಂಬೈನ ಲ್ಯಾಮಿಂಗ್ಟನ್ ರಸ್ತೆ ಇರಲಿ, ದೆಹಲಿಯ ನೆಹರೂ ಪ್ಲೇಸ್ ಇರಲಿ, ಚೆನ್ನೈನ ರಿಚಿ ಸ್ಟ್ರೀಟ್ ಅಥವಾ ಬೆಂಗಳೂರಿನ ಎಸ್‌ಪಿ ರಸ್ತೆಯೇ ಇರಲಿ, ಇಂಥ ಲ್ಯಾಪ್‌ಟಾಪ್ ಹಿಡಿದು ಹೋದವರಿಗೆ ಕೇಳಿಬರುವ ಮಾತು ಬಹುತೇಕ ಒಂದೇ: 'ಫಾರ್ಮ್ಯಾಟ್ ಮಾರ್‌ನಾ ಪಡೇಗಾ'. ಭಾಷೆ ಬದಲಾಗಬಹುದು, ಸಲಹೆ ಬದಲಾಗದು. ಅಂಗಡಿಯವರಿಗೆ ಅದು ಅರ್ಧ ಗಂಟೆಯ ಕೆಲಸ, ಯಂತ್ರವೂ ಹೊಸದರಂತೆ ಓಡುತ್ತದೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ. ಇನ್ನು ಕೆಲವು ಸಂದರ್ಭಗಳಲ್ಲಿ ಅದು ಮಾಡಲೇಬಾರದ ಕೆಲಸ.

ಡಿಸ್ಕ್ ಕೆಟ್ಟಿದೆ ಎಂದರೆ ಏನು ಕೆಟ್ಟಿದೆ?

ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸ್ ಶುರುವಾಗುವುದಿಲ್ಲ. ಮೊದಲು ಏಳುವುದು ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದನ್ನು ಬಯೋಸ್ ಎನ್ನುತ್ತಿದ್ದರು, ಈಗಿನದು ಯುಇಎಫ್‌ಐ. ಅದು ಮೆಮೊರಿ, ಕೀಬೋರ್ಡ್ ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡು, ಬಳಿಕ ಆಪರೇಟಿಂಗ್ ಸಿಸ್ಟಂ ಯಾವ ಡಿಸ್ಕ್‌ನಲ್ಲಿದೆ ಎಂದು ಹುಡುಕುತ್ತದೆ. ಹಾಗೆ ಸಿಗಬೇಕಾದ ಡಿಸ್ಕ್ ಅನ್ನೇ ಸ್ಟಾರ್ಟಪ್ ಡಿಸ್ಕ್ ಅಥವಾ ಬೂಟ್ ಡಿಸ್ಕ್ ಎನ್ನುವುದು. ಅದರೊಳಗೆ ಸಾಮಾನ್ಯವಾಗಿ 100 ಎಂಬಿ ಆಸುಪಾಸಿನ, ಬಳಕೆದಾರರಿಗೆ ಕಾಣದ ಇಎಫ್‌ಐ ಎಂಬ ಸಣ್ಣ ವಿಭಾಗವಿರುತ್ತದೆ. ವಿಂಡೋಸ್ ಅನ್ನು ಕೈಹಿಡಿದು ಎಬ್ಬಿಸುವ ಫೈಲ್‌ಗಳು ಇರುವುದು ಅಲ್ಲಿ. ನಮ್ಮ ಫೋಟೋ, ಕಡತಗಳಿರುವ ಸಿ ಡ್ರೈವ್ ಬೇರೆಯೇ ವಿಭಾಗ.

ಹಾಗಾಗಿ 'ಹಾರ್ಡ್ ಡಿಸ್ಕ್ ಹೋಗಿದೆ' ಎಂಬ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳು ಅಡಗಿರಬಹುದು. ಡಿಸ್ಕ್ ಚೆನ್ನಾಗಿದ್ದು ಮದರ್‌ಬೋರ್ಡ್‌ಗೆ ಅದು ಕಾಣದೇ ಇರಬಹುದು. ಡಿಸ್ಕ್ ಕಂಡರೂ ಆ 100 ಎಂಬಿಯ ಬೂಟ್ ಫೈಲ್‌ಗಳು ಕೆಟ್ಟಿರಬಹುದು. ಎರಡೂ ಸರಿಯಿದ್ದು ಸಿ ಡ್ರೈವ್‌ನ ಫೈಲ್ ಸಿಸ್ಟಂ, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ, ಹಾಳಾಗಿರಬಹುದು. ಗ್ರಂಥಾಲಯದಲ್ಲಿ ಪುಸ್ತಕ ಕಪಾಟಿನಲ್ಲೇ ಇದ್ದು ಕ್ಯಾಟಲಾಗ್ ಮಾತ್ರ ಹರಿದುಹೋದ ಹಾಗೆ. ಕೊನೆಯದು, ಡಿಸ್ಕ್ ನಿಜವಾಗಿಯೂ ಸಾಯುತ್ತಿರುವುದು. ಮೊದಲ ಮೂರರಲ್ಲಿ ಡೇಟಾ ಬಹುತೇಕ ಸುರಕ್ಷಿತ. ನಾಲ್ಕನೆಯದರಲ್ಲಿ ಗಡಿಯಾರ ಓಡುತ್ತಿರುತ್ತದೆ.

ಡಿಸ್ಕ್‌ಗೆ ಕೂದಲೂ ಕೊಂಕದೆ ಕಂಪ್ಯೂಟರ್ ನಿಂತುಹೋಗಬಹುದು ಎಂಬುದಕ್ಕೆ 2024ರ ಜುಲೈ 19ಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಅದೇ ದಿನ. ಆ ಅಪ್‌ಡೇಟ್ ಹೊರಬಿದ್ದದ್ದು ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ, ಹಿಂಪಡೆದದ್ದು 10.57ಕ್ಕೆ. ಪರಿಹಾರ ಏನಿತ್ತು? ಸೇಫ್ ಮೋಡ್‌ನಲ್ಲಿ ಯಂತ್ರವನ್ನು ಎಬ್ಬಿಸಿ ಒಂದೇ ಒಂದು ಫೈಲ್ ಅಳಿಸುವುದು. ಆದರೆ ಒಂದೊಂದು ಯಂತ್ರದ ಮುಂದೆಯೂ ಮನುಷ್ಯ ಕೂತು ಅದನ್ನು ಮಾಡಬೇಕಾಗಿದ್ದರಿಂದ ದಿನಗಟ್ಟಲೆ ಹಿಡಿಯಿತು. ಅವುಗಳನ್ನೆಲ್ಲ ಫಾರ್ಮ್ಯಾಟ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ.

ಮೊದಲು ಸುಲಭದ್ದು

ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್ ಏನಾದರೂ ಚುಚ್ಚಿದ್ದರೆ ತೆಗೆದು ಮತ್ತೆ ಆನ್ ಮಾಡಿ. ನಗು ಬರಬಹುದು, ಆದರೆ ಯಂತ್ರವು ಆ ಖಾಲಿ ಪೆನ್‌ಡ್ರೈವ್‌ನಲ್ಲೇ ವಿಂಡೋಸ್ ಹುಡುಕುತ್ತಾ ಕೂರುವುದು ಅಪರೂಪವೇನಲ್ಲ.

ಅದರಿಂದ ಆಗಲಿಲ್ಲವೆಂದರೆ ಯುಇಎಫ್‌ಐ ಪರದೆಗೆ ಹೋಗಬೇಕು. ಆನ್ ಮಾಡಿದ ಕೂಡಲೇ ಡೆಲ್, ಏಸರ್, ಏಸಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಮಾದರಿಗೆ ತಕ್ಕಂತೆ ಎಫ್1 ಅಥವಾ ಎಫ್2 ಒತ್ತುತ್ತಿರಬೇಕು. ಅಲ್ಲಿ ನೋಡಬೇಕಾದದ್ದು ಒಂದೇ: ಡಿಸ್ಕ್‌ನ ಹೆಸರು ಪಟ್ಟಿಯಲ್ಲಿದೆಯೇ? ಇದ್ದರೆ ಅರ್ಧ ಚಿಂತೆ ಕಳೆಯಿತು. ಇಲ್ಲದಿದ್ದರೆ ಡಿಸ್ಕ್ ಸತ್ತಿರಬಹುದು ಅಥವಾ ಅದರ ಸಂಪರ್ಕ ಸಡಿಲವಾಗಿರಬಹುದು. ಡೆಸ್ಕ್‌ಟಾಪ್ ಆದರೆ ವಿದ್ಯುತ್ ಸಂಪರ್ಕ ತೆಗೆದು, ಸಾಟಾ ಕೇಬಲ್ ಕಳಚಿ ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಬಹುದು.

ಇನ್ನೊಂದು ವಿಚಾರ ಹಲವರನ್ನು ದಾರಿ ತಪ್ಪಿಸುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲೆ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಇರುತ್ತದೆ. ಅದು ಮುಗಿದರೆ ದಿನಾಂಕದ ಜೊತೆಗೆ ಡಿಸ್ಕ್‌ಗೆ ಸಂಬಂಧಿಸಿದ ಸೆಟ್ಟಿಂಗ್‌ಗಳೂ ಮೂಲಸ್ಥಿತಿಗೆ ಮರಳುತ್ತವೆ. ಡಿಸ್ಕ್ ಯಾವ ವಿಧಾನದಲ್ಲಿ ಮಾತಾಡಬೇಕು ಎಂಬ ಸೆಟ್ಟಿಂಗ್ ಹಾಗೆ ಬದಲಾದರೆ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ದೋಷ ತೋರಿಸಿ ನಿಲ್ಲುತ್ತದೆ. ಯಾವಾಗಲೂ ತಪ್ಪು ವರ್ಷ ತೋರಿಸುವ ಡೆಸ್ಕ್‌ಟಾಪ್ ಒಂದು ದಿನ ಏಳದಿದ್ದರೆ ಮೊದಲ ಅನುಮಾನ ಆ ಬ್ಯಾಟರಿಯ ಮೇಲಿರಲಿ.

ಹಾಗೆಯೇ ಇಂಟೆಲ್‌ನ 11ನೇ ತಲೆಮಾರು ಮತ್ತು ಆನಂತರದ ಪ್ರೊಸೆಸರ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲ್ತಿಯಲ್ಲಿರುತ್ತದೆ. ಅಂಥ ಯಂತ್ರಕ್ಕೆ ವಿಂಡೋಸ್‌ನ ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ಹಾಕಿದರೆ ಡಿಸ್ಕ್‌ಗಳ ಪಟ್ಟಿ ಖಾಲಿ ಕಾಣಿಸಬಹುದು. 'ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಬೇಕು' ಎಂಬ ತೀರ್ಪು ಇಲ್ಲಿ ಬಂದರೆ ಆತುರಪಡಬೇಡಿ. ಇಂಟೆಲ್‌ನ ಸ್ಟೋರೇಜ್ ಡ್ರೈವರ್ ಲೋಡ್ ಮಾಡಿದರೆ ಅದೇ ಡಿಸ್ಕ್ ಪ್ರತ್ಯಕ್ಷವಾಗುವ ಸಾಧ್ಯತೆ ಇದೆ.

48 ಅಂಕಿಗಳ ಕೀ ಎಲ್ಲಿದೆ?

ಸೆಟ್ಟಿಂಗ್ ಬದಲಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಿಟ್ಟುಕೊಳ್ಳಬೇಕು. ಏಕೆಂದರೆ ಈಗಿನ ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಅಂದರೆ ಅದರಲ್ಲಿರುವ ಎಲ್ಲವೂ ಬೀಗದೊಳಗೆ. ಇದರ ಹಿಂದಿರುವುದು ಬಿಟ್‌ಲಾಕರ್ ತಂತ್ರಜ್ಞಾನ. ದಿನನಿತ್ಯ ಇದು ಗೊತ್ತೇ ಆಗುವುದಿಲ್ಲ. ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಬದಲಾದಾಗ, ಮದರ್‌ಬೋರ್ಡ್ ಬದಲಿಸಿದಾಗ, ಅಥವಾ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದಾಗ ಮಾತ್ರ ನೀಲಿ ಪರದೆಯೊಂದು ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ.

ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಮೊಬೈಲ್‌ನಿಂದ ಅದೇ ಖಾತೆಗೆ ಲಾಗಿನ್ ಆಗಿ ಡಿವೈಸ್‌ಗಳ ವಿಭಾಗದಲ್ಲಿ ನೋಡಬಹುದು. ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದ ಬಳಿ ಇರುತ್ತದೆ. ತೊಡಕಾಗುವುದು ಇಲ್ಲಿಯೇ: ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ತನಗೆ ತೋಚಿದ ಇಮೇಲ್ ಹಾಕಿ ಖಾತೆ ತೆರೆದಿದ್ದರೆ, ಅಥವಾ ಮಗ ಎಂದೋ ಮಾಡಿದ ಖಾತೆಯ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿದ್ದರೆ, ಕೀ ಸಿಗದು. ಕೀ ಸಿಗದಿದ್ದರೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಡೇಟಾ ಇಲ್ಲದ ಲೆಕ್ಕ. ಮೈಕ್ರೋಸಾಫ್ಟ್ ಸಹಾಯವಾಣಿಗೂ ಅದನ್ನು ತೆರೆಯಲು ಬಾರದು. ಈಗ ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಓದುತ್ತಿರುವವರು ಕೀ ಹುಡುಕಿ ಕಾಗದದಲ್ಲಿ ಬರೆದಿಟ್ಟುಕೊಳ್ಳಲು ಐದು ನಿಮಿಷ ಸಾಕು.

ರಿಪೇರಿಗೆ ಮುನ್ನ ನಕಲು

ತಿರುಗುವ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುತ್ತಿದ್ದರೆ ತಕ್ಷಣ ಆಫ್ ಮಾಡಿ. ಅದರೊಳಗಿನ ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಾಗಿದ್ದರೆ, ಪ್ರತಿ ಬಾರಿ ಆನ್ ಮಾಡಿದಾಗಲೂ ಒಂದಿಷ್ಟು ಡೇಟಾ ಪುಡಿಯಾಗಿ ಉದುರುತ್ತದೆ. ಇಂಥದ್ದಕ್ಕೆ ಕ್ಲೀನ್ ರೂಂ ಇರುವ ಡೇಟಾ ರಿಕವರಿ ಸಂಸ್ಥೆಯೇ ಗತಿ. ಸಾಮಾನ್ಯ ಅಂಗಡಿಯಲ್ಲಿ ಅದರ ಮುಚ್ಚಳ ತೆಗೆಸಲೇಬಾರದು. ಡಿಸ್ಕ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನಲ್ಲಿಡುವ ಹಳೆಯ ಉಪಾಯವೊಂದು ಇನ್ನೂ ಹರಿದಾಡುತ್ತಿದೆ. ಮುಂಬೈ, ಚೆನ್ನೈನಂಥ ತೇವದ ಗಾಳಿಯಲ್ಲಿ ಅದನ್ನು ಹೊರತೆಗೆದ ಕೂಡಲೇ ನೀರಿನ ಹನಿ ಕಟ್ಟುತ್ತದೆ. ಅದು ರಿಪೇರಿ ಅಲ್ಲ, ತಿಥಿ.

ಸದ್ದಿಲ್ಲ, ಆದರೆ ಯಂತ್ರ ಕೆಲ ದಿನಗಳಿಂದ ವಿಪರೀತ ನಿಧಾನವಾಗಿತ್ತು, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು ಎಂದಾದರೂ ಡಿಸ್ಕ್ ಮೇಲೆ ಅನುಮಾನ ಪಡಬೇಕು. ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾವೇ ಬರೆದಿಟ್ಟುಕೊಳ್ಳುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. 'ರೀಅಲೊಕೇಟೆಡ್ ಸೆಕ್ಟರ್' ಮತ್ತು 'ಪೆಂಡಿಂಗ್ ಸೆಕ್ಟರ್' ಸಂಖ್ಯೆ ಸೊನ್ನೆಯಿಂದ ಮೇಲೇರುತ್ತಿದ್ದರೆ ಅಪಾಯ. ಹಾಗೆಂದು ಅಲ್ಲಿ ಎಲ್ಲ ಹಸಿರು ಕಂಡರೆ ನೆಮ್ಮದಿಯಾಗಿರಬಹುದೇ? 2007ರಲ್ಲಿ ಗೂಗಲ್‌ನ ಎಂಜಿನಿಯರ್‌ಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಶೇ. 36ಕ್ಕಿಂತ ಹೆಚ್ಚಿನವು ತಾಪಮಾನ ಬಿಟ್ಟರೆ ಬೇರಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಕೆಂಪು ಬಂದರೆ ನಂಬಿ, ಹಸಿರು ಬಂದರೆ ಪೂರ್ತಿ ನಂಬಬೇಡಿ ಎಂದು ಇದನ್ನು ಓದಿಕೊಳ್ಳಬೇಕು.

ವಿಂಡೋಸ್ ಏಳದಿದ್ದರೂ ಫೈಲ್ ಹೊರತೆಗೆಯಲು ಎರಡು ಮೂರು ದಾರಿಗಳಿವೆ. 8 ಜಿಬಿ ಪೆನ್‌ಡ್ರೈವ್‌ಗೆ ಬೇರೊಂದು ಕಂಪ್ಯೂಟರ್‌ನಲ್ಲಿ ಉಬುಂಟು ಲಿನಕ್ಸ್ ಹಾಕಿಕೊಂಡು, ಅದರಿಂದಲೇ ಯಂತ್ರವನ್ನು ಎಬ್ಬಿಸಿ, 'ಇನ್‌ಸ್ಟಾಲ್' ಅಲ್ಲದೆ 'ಟ್ರೈ' ಆಯ್ಕೆ ಒತ್ತಿದರೆ ಸಾಕು, ಒಳಗಿನ ಡಿಸ್ಕ್ ಒಂದು ಫೋಲ್ಡರ್‌ನಂತೆ ಕಾಣುತ್ತದೆ. ಬೇಕಾದ್ದನ್ನು ಹೊರಗಿನ ಡಿಸ್ಕ್‌ಗೆ ಎಳೆದು ಹಾಕಿಕೊಳ್ಳಬಹುದು. ಬಿಟ್‌ಲಾಕರ್ ಇದ್ದರೆ ಇಲ್ಲೂ ಆ 48 ಅಂಕಿ ಬೇಕು. ಡಿಸ್ಕ್ ಬಿಚ್ಚಬಲ್ಲವರು ಯುಎಸ್‌ಬಿ ಕೇಸ್‌ಗೆ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಬಹುದು. ಕೇಸ್ ಕೊಳ್ಳುವಾಗ ಡಿಸ್ಕ್ 2.5 ಇಂಚಿನ ಸಾಟಾ ಮಾದರಿಯೋ ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಮಾದರಿಯೋ, ಎಂ.2 ಆದರೆ ಎನ್‌ವಿಎಂಇಯೋ ಸಾಟಾವೋ ಎಂದು ನೋಡಿಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಆಗದು.

ಮೂರನೆಯದು ಸ್ವಲ್ಪ ತಮಾಷೆಯದ್ದು, ಆದರೆ ಕೆಲಸಕ್ಕೆ ಬರುತ್ತದೆ. ವಿಂಡೋಸ್‌ನ ರಿಕವರಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್, ಓಪನ್ ಎಂದು ಹೋಗಿ 'ಆಲ್ ಫೈಲ್ಸ್' ಆರಿಸಿದರೆ ಡಿಸ್ಕ್‌ನಲ್ಲಿರುವುದೆಲ್ಲ ಕಾಣುತ್ತದೆ. ಅಲ್ಲೇ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಬಹುದು. ಎಷ್ಟು ಮುಗಿಯಿತು ಎಂದು ತೋರಿಸುವ ಪಟ್ಟಿ ಕಾಣದಿರಬಹುದು, ಪರದೆ ಹೆಪ್ಪುಗಟ್ಟಿದಂತೆ ಅನ್ನಿಸಬಹುದು. ಕಾಯಬೇಕು.

ಈಗ ರಿಪೇರಿ

ಸತತವಾಗಿ ಎರಡು ಬಾರಿ ಆರಂಭ ವಿಫಲವಾದರೆ ವಿಂಡೋಸ್ ತಾನಾಗಿಯೇ ರಿಕವರಿ ಪರದೆಗೆ ಬರುತ್ತದೆ. ಬರದಿದ್ದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್‌ಡ್ರೈವ್ ತಯಾರಿಸಿ, 'ರಿಪೇರ್ ಯುವರ್ ಕಂಪ್ಯೂಟರ್' ಆರಿಸಬೇಕು. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಮೊದಲು ಪ್ರಯತ್ನಿಸಬೇಕಾದದ್ದು ಸ್ಟಾರ್ಟಪ್ ರಿಪೇರ್. ಬೂಟ್ ಫೈಲ್‌ಗಳಲ್ಲಿನ ಸಣ್ಣಪುಟ್ಟ ದೋಷಗಳನ್ನು ಅದು ಸರಿಪಡಿಸಬಲ್ಲದು. ತೊಂದರೆ ಶುರುವಾದದ್ದು ವಿಂಡೋಸ್ ಅಪ್‌ಡೇಟ್ ಆದ ಮೇಲೆಯೇ ಎಂದಾದರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಅಲ್ಲೇ ಇದೆ. ಯಾವುದೋ ತಂತ್ರಾಂಶ ಅಥವಾ ಡ್ರೈವರ್ ಹಾಕಿದ ಮೇಲೆ ಎಂದಾದರೆ ಸೇಫ್ ಮೋಡ್‌ಗೆ ಹೋಗಿ ಅದನ್ನು ತೆಗೆಯಬೇಕು, ಇಲ್ಲವೇ ಸಿಸ್ಟಂ ರಿಸ್ಟೋರ್ ಬಳಸಬೇಕು. ಇವು ಯಾವುವೂ ವೈಯಕ್ತಿಕ ಫೈಲ್‌ಗಳನ್ನು ಮುಟ್ಟುವುದಿಲ್ಲ.

ಕಮಾಂಡ್ ಪ್ರಾಂಪ್ಟ್ ಬಳಸುವವರು ಒಂದು ಎಚ್ಚರಿಕೆ ಮರೆಯಬಾರದು. ರಿಕವರಿ ಪರದೆಯಲ್ಲಿ ಡ್ರೈವ್‌ಗಳ ಅಕ್ಷರ ಬದಲಾಗಿರಬಹುದು. ನಿತ್ಯದ ಸಿ ಡ್ರೈವ್ ಅಲ್ಲಿ ಡಿ ಆಗಿ ಕೂತಿರಬಹುದು. ಮೊದಲು ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ವಾಲ್ಯೂಮ್ ಕೊಟ್ಟು ಯಾವುದು ಯಾವುದೆಂದು ಗುರುತಿಸಿಕೊಂಡು, ಡಿಸ್ಕ್‌ಪಾರ್ಟ್‌ನಿಂದ ಹೊರಬಂದುಬಿಡಿ. ಅದರೊಳಗೆ 'ಕ್ಲೀನ್' ಎಂಬ ಮುಗ್ಧ ಹೆಸರಿನ ಆದೇಶವೊಂದಿದೆ. ಅದು ಡಿಸ್ಕ್‌ನ ಎಲ್ಲ ವಿಭಾಗಗಳನ್ನೂ ಕೇಳದೆ ಅಳಿಸಿಹಾಕುತ್ತದೆ.

ಎಲ್ಲರಿಗೂ ಗೊತ್ತಿರುವ ಆದೇಶ ಚೆಕ್‌ಡಿಸ್ಕ್. ಸಿ, ಎಚ್, ಕೆ, ಡಿ, ಎಸ್, ಕೆ ಎಂದು ಟೈಪ್ ಮಾಡಿ ಡ್ರೈವ್ ಅಕ್ಷರ ಮಾತ್ರ ಕೊಟ್ಟರೆ ಅದು ಬರೀ ಪರೀಕ್ಷಿಸಿ ವರದಿ ಕೊಡುತ್ತದೆ, ಏನನ್ನೂ ಬದಲಿಸದು. ಜೊತೆಗೆ ಸ್ಲ್ಯಾಶ್ ಎಫ್ ಸೇರಿಸಿದರೆ ಫೈಲ್ ಸಿಸ್ಟಂ ದೋಷ ಸರಿಪಡಿಸುತ್ತದೆ. ಸ್ಲ್ಯಾಶ್ ಆರ್ ಕೊಟ್ಟರೆ ಅದರ ಜೊತೆಗೆ ಇಡೀ ಡಿಸ್ಕ್‌ನ ಒಂದೊಂದು ಸೆಕ್ಟರ್ ಅನ್ನೂ ಓದಿ ನೋಡುತ್ತದೆ, ದೊಡ್ಡ ಹಾರ್ಡ್ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಅಪಾಯ ಇರುವುದು ಇದರಲ್ಲೇ. ಚೆಕ್‌ಡಿಸ್ಕ್‌ನ ಗುರಿ ಫೈಲ್ ಸಿಸ್ಟಂ ಅನ್ನು ಸುಸಂಬದ್ಧಗೊಳಿಸುವುದೇ ಹೊರತು ನಮ್ಮ ಫೋಟೋ ಉಳಿಸುವುದಲ್ಲ. ಲೆಕ್ಕ ತಾಳೆಯಾಗದ ತುಣುಕುಗಳನ್ನು ಅದು ಕತ್ತರಿಸಿ, ಹೆಸರಿಲ್ಲದ ಫೈಲ್‌ಗಳನ್ನಾಗಿಸಿ ಬೇರೊಂದು ಫೋಲ್ಡರ್‌ಗೆ ತಳ್ಳುತ್ತದೆ. ಆರೋಗ್ಯವಂತ ಡಿಸ್ಕ್‌ನಲ್ಲಿ, ಹಠಾತ್ ಕರೆಂಟ್ ಹೋಗಿ ಆದ ಗೊಂದಲಕ್ಕೆ ಇದು ಒಳ್ಳೆಯ ಔಷಧ. ಸಾಯುತ್ತಿರುವ ಡಿಸ್ಕ್‌ಗೆ ಗಂಟೆಗಟ್ಟಲೆ ಓಡಿಸುವ ಶಿಕ್ಷೆ. ಅಂಗಡಿಯಲ್ಲಿ 'ರಾತ್ರಿಯಿಡೀ ಸ್ಕ್ಯಾನ್‌ಗೆ ಬಿಡ್ತೀವಿ' ಎಂದರೆ, ನಕಲು ತೆಗೆದಿದ್ದೀರಾ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ಆ ನಕಲಿಗೂ ಸರಿಯಾದ ಉಪಕರಣಗಳಿವೆ. ಲಿನಕ್ಸ್‌ನ ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಓದಲು ಸಿಗುವ ಭಾಗಗಳನ್ನೆಲ್ಲ ಹೊಸ ಡಿಸ್ಕ್‌ಗೆ ಎತ್ತಿಹಾಕಿ, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳಿ ಬರುತ್ತದೆ. ರಿಪೇರಿ ಪ್ರಯೋಗಗಳನ್ನೆಲ್ಲ ಆಮೇಲೆ ನಕಲಿನ ಮೇಲೆ ಮಾಡಬಹುದು.

ಬೂಟ್ ಫೈಲ್‌ಗಳೇ ನಾಶವಾಗಿದ್ದು ಸ್ಟಾರ್ಟಪ್ ರಿಪೇರ್ ಕೈಚೆಲ್ಲಿದರೆ ಬಿಸಿಡಿಬೂಟ್ ಎಂಬ ಆದೇಶವಿದೆ. ಅದು ವಿಂಡೋಸ್ ಫೋಲ್ಡರ್‌ನಲ್ಲಿರುವ ಮೂಲ ಪ್ರತಿಯಿಂದ ಬೂಟ್ ಫೈಲ್‌ಗಳನ್ನು ಇಎಫ್‌ಐ ವಿಭಾಗಕ್ಕೆ ಹೊಸದಾಗಿ ನಕಲಿಸುತ್ತದೆ. ಕೆಲಸ ಮುಗಿಯಲು ಕೆಲವೇ ಕ್ಷಣ ಸಾಕು. ಇದಕ್ಕಾಗಿ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡುವುದು, ಬೀಗ ಕೆಟ್ಟಿತೆಂದು ಮನೆ ಕೆಡವಿದಂತೆ. ಕೊನೆಯ ಅಸ್ತ್ರ 'ರಿಸೆಟ್ ದಿಸ್ ಪಿಸಿ'. ಅದರಲ್ಲಿ 'ಕೀಪ್ ಮೈ ಫೈಲ್ಸ್' ಆರಿಸಿದರೆ ತಂತ್ರಾಂಶಗಳು ಹೋಗುತ್ತವೆ, ವೈಯಕ್ತಿಕ ಫೈಲ್‌ಗಳು ಉಳಿಯುತ್ತವೆ.

ಮ್ಯಾಕ್ ಬಳಸುವವರಿಗೆ

ಮ್ಯಾಕ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ಫೋಲ್ಡರ್ ಮಿನುಗುತ್ತಿದ್ದರೆ ಅದಕ್ಕೆ ಸ್ಟಾರ್ಟಪ್ ಡಿಸ್ಕ್ ಸಿಗುತ್ತಿಲ್ಲ ಎಂದರ್ಥ. ಇಂಟೆಲ್ ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಆರ್ ಒತ್ತಿ ಹಿಡಿದು, 2020ರಿಂದ ಬಂದ ಎಂ ಸರಣಿಯ ಚಿಪ್‌ನ ಮ್ಯಾಕ್‌ನಲ್ಲಿ ಪವರ್ ಬಟನ್ ಅನ್ನೇ ಒತ್ತಿ ಹಿಡಿದು ರಿಕವರಿಗೆ ಹೋಗಬೇಕು. ಡಿಸ್ಕ್ ಯುಟಿಲಿಟಿಯಲ್ಲಿ 'ಶೋ ಆಲ್ ಡಿವೈಸಸ್' ಆರಿಸಿಕೊಂಡು ಫಸ್ಟ್ ಏಡ್ ಓಡಿಸಬೇಕು. ಪಟ್ಟಿಯ ಕೆಳಗಿನಿಂದ ಮೇಲಕ್ಕೆ, ಅಂದರೆ ಮೊದಲು ವಾಲ್ಯೂಮ್, ಆಮೇಲೆ ಕಂಟೇನರ್, ಕೊನೆಗೆ ಡಿಸ್ಕ್ ಎಂಬುದು ಆ್ಯಪಲ್ ಹೇಳುವ ಕ್ರಮ. ಎಂ ಸರಣಿಯಲ್ಲಿ ಒಳಗಿನ ಸ್ಟೋರೇಜ್ ಪೂರ್ತಿ ಸತ್ತರೆ ಹೊರಗಿನ ಡಿಸ್ಕ್‌ನಿಂದಲೂ ಯಂತ್ರ ಏಳದು, ಏಕೆಂದರೆ ಆರಂಭದ ಮೊದಲ ಹಂತಗಳೇ ಅಲ್ಲಿರುತ್ತವೆ. ಟೈಂ ಮಷಿನ್ ಬ್ಯಾಕಪ್ ಇಲ್ಲದ ಮ್ಯಾಕ್ ಮಾಲೀಕರು ಇದನ್ನು ಎರಡು ಬಾರಿ ಓದುವುದು ಒಳ್ಳೆಯದು.

ಎಸ್‌ಎಸ್‌ಡಿಯದ್ದೇ ಬೇರೆ ಕಥೆ

ಎಸ್‌ಎಸ್‌ಡಿ ಸದ್ದು ಮಾಡುವುದಿಲ್ಲ. ನಿನ್ನೆ ರಾತ್ರಿ ಸರಿಯಿದ್ದದ್ದು ಬೆಳಗ್ಗೆ ಯುಇಎಫ್‌ಐ ಪಟ್ಟಿಯಲ್ಲೇ ಇರುವುದಿಲ್ಲ. ಇನ್ನೊಂದು ವ್ಯತ್ಯಾಸ ಫಾರ್ಮ್ಯಾಟ್ ಮಾಡುವವರು ತಿಳಿದಿರಲೇಬೇಕಾದದ್ದು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದರೂ ಡೇಟಾ ಅಲ್ಲೇ ಬಿದ್ದಿರುತ್ತದೆ, ರಿಕವರಿ ತಂತ್ರಾಂಶಗಳು ಹೆಕ್ಕಿ ತೆಗೆಯಬಲ್ಲವು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುವುದರಿಂದ, ಫಾರ್ಮ್ಯಾಟ್ ಆದ ಮೇಲೆ ಡೇಟಾ ಮರಳುವ ಆಸೆ ಇಟ್ಟುಕೊಳ್ಳದಿರುವುದೇ ಲೇಸು. 'ಆಮೇಲೆ ರಿಕವರಿ ಮಾಡ್ಕೊಡ್ತೀವಿ' ಎಂಬ ಭರವಸೆ ಹಾರ್ಡ್ ಡಿಸ್ಕ್ ಕಾಲದ್ದು.

ಹೊಸ ವಿಂಡೋಸ್ ಹಾಕಿದ ಮೇಲೆ ಕನ್ನಡ ಫೈಲ್ ಕೆಟ್ಟವೇ?

ಹೊರನಾಡಿನ ಕನ್ನಡ ಸಂಘಗಳ ಹಳೆಯ ಆಮಂತ್ರಣ, ವರದಿ, ಸ್ಮರಣ ಸಂಚಿಕೆಯ ಲೇಖನಗಳು ಹಲವೆಡೆ ಇನ್ನೂ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲೇ ಇವೆ. ಇವು ಯೂನಿಕೋಡ್ ಬರುವ ಮುಂಚಿನ ವಿಧಾನದವು. ಫೈಲ್‌ನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಹೊಸದಾಗಿ ವಿಂಡೋಸ್ ಹಾಕಿದಾಗ ಆ ಫಾಂಟ್‌ಗಳು ಹೋಗಿರುತ್ತವೆ. ಕಷ್ಟಪಟ್ಟು ಉಳಿಸಿಕೊಂಡ ಫೈಲ್ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ. ಡಿಸ್ಕ್ ಜೊತೆಗೆ ಫೈಲ್ ಕೂಡ ಹಾಳಾಯಿತು ಎಂದುಕೊಂಡು ಅಳಿಸಿಬಿಟ್ಟವರಿದ್ದಾರೆ. ಅದು ಹಾಳಾಗಿರುವುದಿಲ್ಲ. ನುಡಿ ಅಥವಾ ಬರಹವನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಪಠ್ಯವನ್ನು ಆಯ್ದು ಆ ಫಾಂಟ್ ಕೊಟ್ಟರೆ ಅಕ್ಷರಗಳು ಮೊದಲಿನಂತೆ ಬರುತ್ತವೆ. ಬಳಿಕ ಅವುಗಳಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ ಇನ್ನೊಂದು ಪ್ರತಿ ಉಳಿಸಿಕೊಂಡರೆ, ಮುಂದಿನ ಬಾರಿ ಡಿಸ್ಕ್ ಕೈಕೊಟ್ಟಾಗ ಫಾಂಟ್ ಹುಡುಕುವ ಕೆಲಸವಾದರೂ ತಪ್ಪುತ್ತದೆ.